ಅರ್ಜಿಯನ್ನು ಯಾರಿಗೆ ಕೊಡುವುದು?



ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಕೇಳಿದ ಒಂದು ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ. "ಮೇಷ್ಟ್ರೇ, ಇತಿಹಾಸದ ಆಕರಗಳು ಎಂದು ನೀವು ಶಾಸನ, ನಾಣ್ಯ, ಕಡತ, ವೃತ್ತಪತ್ರಿಕೆಗಳನ್ನು ಪಟ್ಟಿಮಾಡಿಸುತ್ತಿದ್ದಿರಿ. ನಾವು ಟೆಂಟಿನಲ್ಲಿ ಕುಳಿತು ಶಿಳ್ಳೆ ಹೊಡೆದು ನೋಡಿದ ಸಿನಿಮಾಗಳು ಆಕರವಲ್ಲವೇ?" ಎಂದು ಅವರು ಕೇಳಿದ್ದರು.

ಖಂಡಿತ ಆಕರವೇ. ಆದರೆ ಯಾವುದಕ್ಕೆ ಆಕರ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಮುಖ್ಯಮಂತ್ರಿಯನ್ನು ಕೊಲ್ಲುವ ಚಿತ್ರವೊಂದು ಬಂದಿತೆಂದ ಮಾತ್ರಕ್ಕೆ ಆ ವರ್ಷ ಯಾರೋ ಮುಖ್ಯಮಂತ್ರಿಯನ್ನು ಕೊಂದರೆಂದು ಅರ್ಥವಲ್ಲ. ಆ ವರ್ಷ ಜನ ಏನನ್ನು ಕಂಡು ಅಂಜುತ್ತಿದ್ದರು, ಯಾರನ್ನು ನಂಬದಾಗಿದ್ದರು ಎಂಬುದಕ್ಕೆ ಅದು ಸಾಕ್ಷಿ. ಕಡತದಲ್ಲಿ ಸರ್ಕಾರ ತನ್ನ ಮಾತನ್ನು ಬರೆದಿಡುತ್ತದೆ. ಟೆಂಟಿನಲ್ಲಿ ನೆಲದ ಮೇಲೆ ಕುಳಿತವರ ಮಾತು ಕಡತಕ್ಕೆ ಬರುವುದು ಅಪರೂಪ. ಅವರು ಯಾವ ದೃಶ್ಯಕ್ಕೆ ಚಪ್ಪಾಳೆ ತಟ್ಟಿದರು ಎಂಬುದೇ ಅವರ ಹೇಳಿಕೆ.

ರಾಜಕೀಯ ಥ್ರಿಲ್ಲರ್ ಎಂದು ಕರೆಯುವ ಚಿತ್ರಗಳನ್ನು ಓದಲು ನಾನು ಎರಡು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ. ಖಳನಾಯಕ ಎಲ್ಲಿ ಕುಳಿತಿದ್ದಾನೆ ಎಂಬುದು ಮೊದಲನೆಯದು. ಅನ್ಯಾಯಕ್ಕೆ ಒಳಗಾದವನು ತನ್ನ ಅರ್ಜಿಯನ್ನು ಯಾರ ಕೈಗೆ ಕೊಡುತ್ತಾನೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಯನ್ನು ವಿಮರ್ಶಕರೆಲ್ಲ ಕೇಳುತ್ತಾರೆ. ನನಗೆ ಎರಡನೆಯದೇ ಹೆಚ್ಚು ಮುಖ್ಯವೆನಿಸುತ್ತದೆ. ಅಧಿಕಾರ ದೊಡ್ಡದೆಂಬ ಕಾರಣಕ್ಕೆ ಜನ ಅಂಜುವುದಕ್ಕಿಂತ, ಆ ಅಧಿಕಾರದ ಬಾಗಿಲು ಎಲ್ಲಿದೆಯೆಂದು ತಿಳಿಯದೆ ಅಂಜುವುದೇ ಹೆಚ್ಚು.

ಬ್ಲಫ್‌ನಲ್ಲಿ ಬೆಳೆದವರಿಗೆ ಈ ಮಾತು ಬೇಗ ಅರ್ಥವಾದೀತು. ಊರಿನ ಹೆಸರಿಗೆ ಇಂಗ್ಲಿಷಿನಲ್ಲಿ ಕಡಿದಾದ ದಿಬ್ಬವೆಂದು ಅರ್ಥ. ನಮ್ಮ ಹುಡುಗರ ಆಡುಮಾತಿನಲ್ಲಿ ಮಾತ್ರ ಅದು ಬುರುಡೆ ಬಿಡುವುದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿತವಾದ ಶಿವನಸಮುದ್ರದ ವಿದ್ಯುದಾಗಾರದಿಂದ 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬೆಳಕು ಬಂದಿತು. ತಂತಿ ತಲೆಯ ಮೇಲೆ ಹಾದುಹೋದ ಎಷ್ಟೋ ಹಳ್ಳಿಗಳು ಅನಂತರವೂ ದಶಕಗಟ್ಟಲೆ ಸೀಮೆಎಣ್ಣೆಯ ಬುಡ್ಡಿಯಲ್ಲೇ ಇದ್ದವು. ವಿದ್ಯುತ್ತಿಗೂ ಪವರ್, ಅಧಿಕಾರಕ್ಕೂ ಪವರ್ ಎನ್ನುವುದು ನಮ್ಮ ಕಡೆಯ ರೂಢಿ. ಎರಡೂ ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಬೆಳಗುತ್ತವೆ. ಗುಂಡಿ ಯಾರ ಕೈಯಲ್ಲಿದೆ ಎಂಬುದು ತಂತಿಯ ಕೆಳಗೆ ನಿಂತವನಿಗೆ ಕಾಣುವುದಿಲ್ಲ.

ಆದರೆ ಎಲ್ಲ ಕಾಲದಲ್ಲೂ ಹಾಗಿರಲಿಲ್ಲ. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಸಮಾವೇಶ ನಡೆದಾಗ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ಟಿ. ಸಿದ್ಧಲಿಂಗಯ್ಯನವರೂ ಅವರ ಸಂಗಡಿಗರೂ ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಅಲ್ಲಿ ನೆರೆದವರಿಗೆ ಎದುರಾಳಿ ಯಾರೆಂಬುದು ನಿಚ್ಚಳವಾಗಿತ್ತು. ಆಜ್ಞೆಗೆ ಸಹಿ ಮಾಡಿದವರು ಯಾರು, ತಾವು ಕೇಳುತ್ತಿರುವುದೇನು, ಯಾರನ್ನು ಕೇಳುತ್ತಿದ್ದೇವೆ ಎಂಬುದರಲ್ಲಿ ಸಂದೇಹವಿರಲಿಲ್ಲ. ಅಲ್ಲಿ ಹೋರಾಟವಿತ್ತು, ಕಷ್ಟವಿತ್ತು, ನಿಗೂಢವೆಂಬುದು ಇರಲಿಲ್ಲ. ಥ್ರಿಲ್ಲರ್ ಚಿತ್ರಕ್ಕೆ ಬೇಕಾದದ್ದು ನಿಗೂಢ.

ಸ್ವಾತಂತ್ರ್ಯ ಬಂದು ಎರಡು ದಶಕಗಳಾದ ಮೇಲೆ, 1968ರಲ್ಲಿ, ದೊರೈ–ಭಗವಾನ್ ಜೋಡಿ 'ಜೇಡರ ಬಲೆ'ಯ ಮೂಲಕ ಡಾ. ರಾಜ್‌ಕುಮಾರ್ ಅವರನ್ನು ಪತ್ತೇದಾರ ಸಿ.ಐ.ಡಿ. 999 ಆಗಿ ತೆರೆಗೆ ತಂದಿತು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಬಂದವು. ನಮ್ಮ ವಯಸ್ಸಿನವರೆಲ್ಲ ಆ ಚಿತ್ರಗಳನ್ನು ಎಷ್ಟೋ ವರ್ಷ ಟೆಂಟುಗಳಲ್ಲಿ ಮತ್ತೆ ಮತ್ತೆ ನೋಡಿದೆವು. ಆಗಿನ ಖಳನಾಯಕ ಎಲ್ಲಿ ಕುಳಿತಿದ್ದ? ಸಮಾಜದ ಹೊರಗೆ, ಗುಪ್ತ ಅಡಗುತಾಣದಲ್ಲಿ. 1962 ಮತ್ತು 1965ರ ಯುದ್ಧಗಳು ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಚಿನ್ನದ ನಿಯಂತ್ರಣ ಕಾಯಿದೆ ಬಂದದ್ದು 1968ರಲ್ಲೇ. ಗಡಿಯಾಚೆಯ ಶತ್ರು, ಕಳ್ಳಸಾಗಣೆಯ ಗುಂಪು, ಇವೇ ಆ ಕಾಲದ ಅಂಜಿಕೆಗಳು. ಅರ್ಜಿಯ ವಿಷಯದಲ್ಲಿ ಮಾತ್ರ ಯಾರಿಗೂ ಚಿಂತೆಯಿರಲಿಲ್ಲ. ಸರ್ಕಾರವೇ ನಾಯಕನನ್ನು ಕಳುಹಿಸುತ್ತಿತ್ತು. ಅವನು ಗೆದ್ದು ಸರ್ಕಾರಕ್ಕೇ ವರದಿ ಒಪ್ಪಿಸುತ್ತಿದ್ದ.

ಈ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1975ರಲ್ಲಿ. ತುರ್ತು ಪರಿಸ್ಥಿತಿ ಘೋಷಣೆಯಾದ ಬೆನ್ನಿಗೇ, ಜೂನ್ 26ರಂದು, ಸಂಸದೀಯ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಮುಂತಾದವರನ್ನು ಬಂಧಿಸಿ ನಮ್ಮ ಸೆಂಟ್ರಲ್ ಜೈಲಿನಲ್ಲಿರಿಸಲಾಯಿತು. ಈಗ ಆ ಜಾಗದಲ್ಲಿ ಫ್ರೀಡಂ ಪಾರ್ಕ್ ಇದೆ. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಅದೇ ಜೈಲಿಗೆ ಕಳುಹಿಸಿದರು. ಆಸ್ತಮಾದಿಂದ ನರಳುತ್ತಿದ್ದ ಆಕೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಅಮೃತ್ ನಾಹಟಾ ಅವರ ಹಿಂದಿ ವಿಡಂಬನ ಚಿತ್ರ 'ಕಿಸ್ಸಾ ಕುರ್ಸಿ ಕಾ'ದ ಪ್ರತಿಗಳನ್ನೇ ಆ ಅವಧಿಯಲ್ಲಿ ನಾಶಮಾಡಲಾಯಿತು. ಕಲಾವಿದೆಯನ್ನೂ ಫಿಲ್ಮ್ ಸುರುಳಿಯನ್ನೂ ಕಂಡು ಅಂಜುವ ಪ್ರಭುತ್ವಕ್ಕೆ ಜನರೂ ಅಂಜತೊಡಗಿದರು.

ಇದು ನಮ್ಮ ನಾಡಿನಲ್ಲಿ ಮಾತ್ರ ನಡೆದದ್ದಲ್ಲ. ಗ್ರೀಸಿನಲ್ಲಿ 1963ರಲ್ಲಿ ಸಂಸದ ಲಂಬ್ರಾಕಿಸ್ ಅವರ ಹತ್ಯೆಯಾಯಿತು. 1967ರಲ್ಲಿ ಸೇನಾಧಿಕಾರಿಗಳು ಆಡಳಿತ ಹಿಡಿದರು. 1969ರಲ್ಲಿ ಕೋಸ್ಟಾ ಗಾವ್ರಾಸ್ ಆ ಹತ್ಯೆಯ ಕಥೆಯನ್ನಾಧರಿಸಿ 'ಝಡ್' ಚಿತ್ರವನ್ನು ಗ್ರೀಸಿನ ಹೊರಗೆ ಚಿತ್ರೀಕರಿಸಿದರು. ಅಮೆರಿಕದಲ್ಲಿ ವಾಟರ್‌ಗೇಟ್ ಹಗರಣ ಹೊರಬಿದ್ದು 1974ರಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು. 1976ರಲ್ಲಿ ಬಂದ 'ಆಲ್ ದಿ ಪ್ರೆಸಿಡೆಂಟ್ಸ್ ಮೆನ್' ಚಿತ್ರ ಅದನ್ನು ಬಯಲಿಗೆಳೆದ ಇಬ್ಬರು ವರದಿಗಾರರ ಕಥೆ. ಅಲ್ಲಿ ಅಧಿಕಾರ ಎಷ್ಟೇ ಭಯಂಕರವಾಗಿ ಕಂಡರೂ ಅರ್ಜಿಗೆ ಒಂದು ವಿಳಾಸ ಉಳಿದಿತ್ತು: ಪತ್ರಿಕಾ ಕಚೇರಿ. ನಮ್ಮಲ್ಲಿ ಏನಾಯಿತೆಂಬುದನ್ನು ಮುಂದೆ ನೋಡೋಣ.

1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಚಳವಳಿ ಗೋಲಿಬಾರಿನಲ್ಲಿ ಪರ್ಯವಸಾನವಾಯಿತು. ನೀರಿನ ಕರ, ಅಭಿವೃದ್ಧಿ ಕರಗಳ ವಿಷಯದಲ್ಲಿ ಅರ್ಜಿ ಕೊಟ್ಟು ಕೊಟ್ಟು ಸೋತಿದ್ದ ರೈತರು ಅವರು. ನಾಲೆಯ ಕೊನೆಯ ಭಾಗದಲ್ಲಿ ನೀರಿಗಾಗಿ ಕಾದು ಕುಳಿತು ಬಲ್ಲ ನಮ್ಮ ಮಳವಳ್ಳಿ, ಮದ್ದೂರು ಸೀಮೆಯ ರೈತರಿಗೆ ಅವರ ಸಂಕಟ ಪರಕೀಯವಾಗಿರಲಿಲ್ಲ. ರಾಜ್ಯದಲ್ಲಿ ರೈತ ಸಂಘ ಹುಟ್ಟಿತು. 1982ರಲ್ಲಿ ಗೋಕಾಕ್ ಚಳವಳಿ ನಡೆಯಿತು. 1983ರ ಜನವರಿಯಲ್ಲಿ ಗುಂಡೂರಾವ್ ಸರ್ಕಾರ ಹೋಗಿ ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು.

ಈ ಬಿರುಗಾಳಿಯ ನಡುವೆಯೇ, 1981ರಲ್ಲಿ, ರಾಜೇಂದ್ರಸಿಂಗ್ ಬಾಬು ಅವರ 'ಅಂತ' ಬಂದಿತು. 'ಸುಧಾ'ದಲ್ಲಿ ಧಾರಾವಾಹಿಯಾಗಿ ಬಂದ ಎಚ್.ಕೆ. ಅನಂತರಾವ್ ಅವರ ಕಾದಂಬರಿ ಅದಕ್ಕೆ ಆಧಾರ. ಪ್ರಾಮಾಣಿಕ ಪೊಲೀಸ್ ಅಧಿಕಾರಿ ಸುಶೀಲ್ ಕುಮಾರ್, ತನ್ನನ್ನೇ ಹೋಲುವ ಕನ್ವರ್‌ಲಾಲ್ ಎಂಬ ಪಾತಕಿಯ ವೇಷದಲ್ಲಿ ಅಪರಾಧ ಜಾಲದೊಳಗೆ ಹೋಗುತ್ತಾನೆ. ಎರಡೂ ಪಾತ್ರಗಳಲ್ಲಿ ಅಂಬರೀಶ್. ಚಿತ್ರಹಿಂಸೆಯ ದೃಶ್ಯಗಳು ಅತಿಯಾದವೆಂದು ಆಗ ದೊಡ್ಡ ಚರ್ಚೆಯೇ ನಡೆಯಿತು. ಆದರೆ ಇತಿಹಾಸದ ವಿದ್ಯಾರ್ಥಿ ಗಮನಿಸಬೇಕಾದದ್ದು ಬೇರೆ. 1968ರ ಪತ್ತೇದಾರನ ಬೆನ್ನಿಗೆ ಸರ್ಕಾರವಿತ್ತು. 1981ರ ಅಧಿಕಾರಿಗೆ ತನ್ನ ಬೆನ್ನ ಹಿಂದೆ ನಿಂತಿರುವವರು ಯಾರೆಂಬುದೇ ನಿಶ್ಚಯವಿಲ್ಲ. ಅಡಗುತಾಣದಲ್ಲಿದ್ದ ಖಳನಾಯಕ ಹದಿಮೂರು ವರ್ಷಗಳಲ್ಲಿ ಗಣ್ಯರ ಸಾಲಿಗೆ ಬಂದು ಕುಳಿತಿದ್ದ.

1983ರಲ್ಲಿ ವಿ. ಸೋಮಶೇಖರ್ ನಿರ್ದೇಶನದ 'ಚಕ್ರವ್ಯೂಹ' ಬಂದಿತು. ಈ ಸಲ ಖಳನಾಯಕ ಒಬ್ಬನಲ್ಲ, ಇಡೀ ಸಚಿವ ಸಂಪುಟ. ತಮ್ಮ ಕೈಗೊಂಬೆಯಾಗಿರಲೆಂದು ದುಷ್ಟಕೂಟವೊಂದು ನಾಯಕನನ್ನು ಮುಖ್ಯಮಂತ್ರಿ ಮಾಡುತ್ತದೆ. ಅವನು ಸಂಪುಟದ ಸಭೆ ಕರೆದು ಮಂತ್ರಿಗಳನ್ನೆಲ್ಲ ಗುಂಡಿಟ್ಟು ಕೊಲ್ಲುತ್ತಾನೆ. ನಾಯಕ ಮತ್ತೆ ಅಂಬರೀಶ್. 1984ರಲ್ಲಿ ಇದೇ ಕಥೆ 'ಇನ್‌ಕ್ವಿಲಾಬ್' ಎಂದು ಹಿಂದಿಯಲ್ಲಿ ಬಂದಾಗ ಅಮಿತಾಭ್ ಬಚ್ಚನ್ ನಾಯಕರಾಗಿದ್ದರು. ಪಕ್ಷಾಂತರ ನಿಷೇಧದ ಕಾಯಿದೆ ಬಂದದ್ದು 1985ರಲ್ಲಿ ಎಂಬುದನ್ನು ಇಲ್ಲಿ ನೆನಪಿಡಬೇಕು. ಶಾಸಕರ ತಲೆ ಎಣಿಸಿ ಮುಖ್ಯಮಂತ್ರಿಗಳನ್ನು ಕೂರಿಸುವ, ಇಳಿಸುವ ಆಟವನ್ನು ಜನ ದಿನವೂ ಪತ್ರಿಕೆಯಲ್ಲಿ ಓದುತ್ತಿದ್ದ ಕಾಲವದು. ರಂಗಭೂಮಿಯಲ್ಲಿಯೂ ಕುರ್ಚಿಯದೇ ಮಾತು. 'ಮುಖ್ಯಮಂತ್ರಿ' ನಾಟಕದ ಪಾತ್ರದಿಂದಲೇ ಚಂದ್ರು ಅವರು ಮುಖ್ಯಮಂತ್ರಿ ಚಂದ್ರು ಆದರು, 1985ರಲ್ಲಿ ನಿಜವಾಗಿಯೇ ಶಾಸಕರೂ ಆದರು.

ಆ ಸಂಪುಟ ಸಭೆಯ ದೃಶ್ಯಕ್ಕೆ ಬಿದ್ದ ಚಪ್ಪಾಳೆ ನನಗೆ ಚೆನ್ನಾಗಿ ನೆನಪಿದೆ. ಅದರ ಪ್ರತಿಧ್ವನಿಯನ್ನು ಕೆಲವು ವರ್ಷಗಳ ಮೇಲೆ ಉತ್ತರಪತ್ರಿಕೆಯೊಂದರಲ್ಲಿ ಕೇಳಿದೆ. ಪೌರನೀತಿಯಲ್ಲಿ "ಬಹುಮತ ಕಳೆದುಕೊಂಡ ಸರ್ಕಾರವನ್ನು ಹೇಗೆ ತೆಗೆಯಬಹುದು?" ಎಂಬ ಪ್ರಶ್ನೆಗೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ 'ಚಕ್ರವ್ಯೂಹ'ದ ಕೊನೆಯ ದೃಶ್ಯವನ್ನು ಚಾಚೂ ತಪ್ಪದೆ ವಿವರಿಸಿದ್ದ! ಉತ್ತರಕ್ಕೆ ಅಂಕ ಕೊಡುವಂತಿರಲಿಲ್ಲ. ಕರೆದು ಅವಿಶ್ವಾಸ ನಿರ್ಣಯ, ಚುನಾವಣೆ ಎಂದು ತಿಳಿಯಹೇಳಿದೆ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ: "ಅದೆಲ್ಲಾ ಗೊತ್ತು ಸಾರ್. ನಮ್ಮಪ್ಪ ಮೂರು ವರ್ಷದಿಂದ ಅರ್ಜಿ ಕೊಡ್ತಾನೇ ಅವ್ರೆ." ನಾಲೆಗೆ ಹೋದ ತುಂಡು ಜಮೀನಿನ ಪರಿಹಾರಕ್ಕಾಗಿ ಅವನ ತಂದೆ ಒಂದು ಕಚೇರಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಇಂದು ಬನ್ನಿ, ನಾಳೆ ಬನ್ನಿ, ಸಾಹೇಬರಿಲ್ಲ, ಕಡತ ಸಿಗುತ್ತಿಲ್ಲ. ಅವರಿಗೆ ಯಾರೂ ಇಲ್ಲವೆಂದು ಹೇಳಿರಲಿಲ್ಲ, ಆಗುವುದಿಲ್ಲವೆಂದೂ ಹೇಳಿರಲಿಲ್ಲ.

ಪೌರನೀತಿಯ ಪುಸ್ತಕಕ್ಕೂ ಟೆಂಟಿನ ಚಪ್ಪಾಳೆಗೂ ನಡುವಿನ ಅಂತರ ಆ ದಿನ ನನಗೆ ಸ್ಪಷ್ಟವಾಗಿ ಕಂಡಿತು. ಆ ತಂದೆಗೆ ಯಾರ ಮೇಲೂ ಗುಂಡು ಹಾರಿಸಬೇಕಾಗಿರಲಿಲ್ಲ. ಹೌದು ಅಥವಾ ಇಲ್ಲ ಎಂಬ ಒಂದು ಉತ್ತರ ಬೇಕಾಗಿತ್ತು. ಅದು ಸಿಗದಿದ್ದಾಗ ಮಗನಿಗೆ ಬಂದೂಕು ಉತ್ತರದಂತೆ ಕಂಡಿತು. ಇಂಥ ಚಿತ್ರಗಳ ಅಂಜಿಕೆ ನಿಜ. ಅವು ಸೂಚಿಸುವ ಪರಿಹಾರ ಮಾತ್ರ ಅಪಾಯಕರ. ಸಂಪುಟವನ್ನು ಸುಟ್ಟರೆ ಅದರ ಜಾಗದಲ್ಲಿ ಯಾರು ಕೂರುತ್ತಾರೆ ಎಂಬ ಪ್ರಶ್ನೆ ಬರುವ ಮುನ್ನವೇ ಚಿತ್ರ ಮುಗಿದು ದೀಪ ಹತ್ತುತ್ತದೆ.

ಶಂಕರ್‌ನಾಗ್ ಅವರ 'ಆಕ್ಸಿಡೆಂಟ್' ಬೇರೆ ದಾರಿ ಹಿಡಿಯಿತು. 1980ರ ದಶಕದ ನಡುವೆ ಬಂದ ಈ ಚಿತ್ರದಲ್ಲಿ, ಪ್ರಭಾವಿ ರಾಜಕಾರಣಿಯ ಮಗ ಮಾದಕದ್ರವ್ಯದ ಅಮಲಿನಲ್ಲಿ ಕಾರು ಓಡಿಸಿ, ಬೀದಿಬದಿಯಲ್ಲಿ ಮಲಗಿದ್ದ ಬಡವರ ಮೇಲೆ ಹರಿಸುತ್ತಾನೆ. ಅನಂತ್‌ನಾಗ್ ಆ ರಾಜಕಾರಣಿ. ಸತ್ಯವನ್ನು ಕೆದಕುವ ಪತ್ರಕರ್ತ ಸ್ವತಃ ಶಂಕರ್‌ನಾಗ್. ಹಾಡುಗಳಿಲ್ಲದ ಚಿತ್ರ. ಇಲ್ಲಿ ಅರ್ಜಿ ಹೊತ್ತವನು ಪತ್ರಿಕೆಯ ಬಾಗಿಲಿಗೆ ಬರುತ್ತಾನೆ. ಆದರೆ 1988ರಲ್ಲಿ ಜೋಷಿ ನಿರ್ದೇಶಿಸಿದ 'ನ್ಯೂ ಡೆಲ್ಲಿ' ಬರುವ ಹೊತ್ತಿಗೆ ಆ ಬಾಗಿಲಿನ ಮೇಲೂ ಸಂಶಯ. ಹಿಂದಿನ ವರ್ಷದ ಮಲಯಾಳಂ ಚಿತ್ರದ ಕನ್ನಡ ರೂಪವದು. ಅಂಬರೀಶ್ ನಿರ್ವಹಿಸಿದ ಪತ್ರಕರ್ತ, ತನ್ನ ಬಾಳನ್ನು ಹಾಳುಮಾಡಿದ ಅಧಿಕಾರಸ್ಥರನ್ನು ಕೊಲ್ಲಿಸಿ, ಆ ಸುದ್ದಿಯನ್ನು ತನ್ನ ಪತ್ರಿಕೆಯಲ್ಲಿ ಎಲ್ಲರಿಗಿಂತ ಮೊದಲು ಪ್ರಕಟಿಸುತ್ತಾನೆ. ಪತ್ರಿಕೆಯೂ ಬಂದೂಕಾಯಿತು. ಅದೇ 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟರು. ಮೌಲ್ಯಾಧಾರಿತ ರಾಜಕಾರಣದ ಮಾತನ್ನು ನಂಬಿದ್ದ ನಮ್ಮ ಪೀಳಿಗೆಗೆ ಅದು ಸಣ್ಣ ಆಘಾತವಾಗಿರಲಿಲ್ಲ.

ಹಾಗೆಂದು ಹೆಗಡೆಯವರ ಕಾಲದ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ತೆರೆಯ ಮೇಲೆ ಗುಂಡುಗಳು ಹಾರುತ್ತಿದ್ದ ಅದೇ ವರ್ಷಗಳಲ್ಲಿ, ಯಾವ ಚಪ್ಪಾಳೆಯೂ ಇಲ್ಲದೆ, ಅರ್ಜಿಗೆ ಬಾಗಿಲುಗಳು ತೆರೆಯುತ್ತಿದ್ದವು. 1984ರಲ್ಲಿ ಲೋಕಾಯುಕ್ತ ಕಾಯಿದೆ ಬಂದಿತು. ಅಬ್ದುಲ್ ನಜೀರ್ ಸಾಬ್ ಅವರು ಮುಂದೆ ನಿಂತು ರೂಪಿಸಿದ ವ್ಯವಸ್ಥೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ಶೇಕಡ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದಾಗ ಅವರು ನ್ಯಾಯಾಲಯಕ್ಕೆ ಹೋದರು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ ಎಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಹೇಳಿತು. 2005ರಲ್ಲಿ ಮಾಹಿತಿ ಹಕ್ಕು ಬಂದಿತು. ಇವುಗಳ ಮೇಲೆ ಯಾರೂ ರೋಚಕ ಚಿತ್ರ ತೆಗೆಯಲಾರರು. ಕಾಗದದ ಕೆಲಸಕ್ಕೆ ಹಿನ್ನೆಲೆ ಸಂಗೀತವಿಲ್ಲ!

ಈಗ ನಮ್ಮ ಜಿಲ್ಲೆಯವರೇ ಆದ ಅಂಬರೀಶ್ ಅವರ ಬಾಳಿನತ್ತ ನೋಡಿ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು. ಪಿಟೀಲು ಚೌಡಯ್ಯನವರ ಮೊಮ್ಮಗ. 'ನಾಗರಹಾವು' ಚಿತ್ರದ ಜಲೀಲ. ತೆರೆಯ ಮೇಲೆ ಸಂಪುಟವನ್ನೇ ಗುಂಡಿಟ್ಟವರು 1998, 1999 ಮತ್ತು 2004ರಲ್ಲಿ ಮಂಡ್ಯದಿಂದ ಲೋಕಸಭೆಗೆ ಆಯ್ಕೆಯಾದರು. 2006ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ರಾಜ್ಯ ಸಚಿವರಾದರು. ಸೆನ್ಸಾರ್ ಮಂಡಳಿ ಬರುವುದು ಅದೇ ಖಾತೆಯ ಅಡಿಯಲ್ಲಿ! 2007ರ ಫೆಬ್ರುವರಿಯಲ್ಲಿ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಾಗ ಪ್ರತಿಭಟಿಸಿ ರಾಜೀನಾಮೆ ಪತ್ರ ಕೊಟ್ಟರು. 2013ರಲ್ಲಿ ರಾಜ್ಯದ ವಸತಿ ಸಚಿವರಾದರು. 2018ರ ನವೆಂಬರ್ 24ರಂದು ಅವರು ತೀರಿಕೊಂಡಾಗ ಜಿಲ್ಲೆಯೇ ಕಣ್ಣೀರಿಟ್ಟಿತು. ಹಿಂದಿಯಲ್ಲಿ ಅದೇ ಪಾತ್ರ ಮಾಡಿದ ಬಚ್ಚನ್ ಅವರೂ 1984ರಲ್ಲೇ ಸಂಸತ್ತಿಗೆ ಹೋದರು, 1987ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ತೆರೆಯ ನಾಯಕನನ್ನು ಜನ ಮೆಚ್ಚಿದ್ದು ಬಂದೂಕಿಗಾಗಿ. ಆದರೆ ಅವನ ಕೈಗೆ ಅವರು ಕೊಟ್ಟದ್ದು ಮತ. ದೊಡ್ಡರಸಿನಕೆರೆಯ ಆ ಮನೆಯ ಮುಂದೆಯೂ ಬೆಂಗಳೂರಿನ ಮನೆಯ ಮುಂದೆಯೂ ಜನ ಹಿಡಿದು ನಿಲ್ಲುತ್ತಿದ್ದುದು ಅರ್ಜಿಯನ್ನೇ. ಸಂಪುಟವನ್ನು ಕೊಲ್ಲುವುದಕ್ಕಿಂತ ಸಂಪುಟದಲ್ಲಿ ಕುಳಿತು ಒಂದು ಅರ್ಜಿಯನ್ನು ವಿಲೇವಾರಿ ಮಾಡಿಸುವುದು ಎಷ್ಟು ಕಷ್ಟವೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲ ನಟರು ಕಡಿಮೆ.

ಹೊಸ ಶತಮಾನದಲ್ಲಿ ಅಂಜಿಕೆಯ ಸ್ಥಳ ಮತ್ತೆ ಬದಲಾಯಿತು. ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಟಿ.ಎನ್. ಸೀತಾರಾಮ್ ತೆಗೆದ 'ಮತದಾನ'ದಲ್ಲಿ ಸಂಶಯದ ಬೆರಳು ಮತ ಹಾಕುವ ನಮ್ಮ ಕಡೆಗೇ ತಿರುಗಿತು. 2010ರ 'ಪೃಥ್ವಿ'ಯಲ್ಲಿ ಪುನೀತ್ ರಾಜ್‌ಕುಮಾರ್ ಬಳ್ಳಾರಿಯ ಗಣಿ ಮಾಫಿಯಾ ಎದುರಿಸುವ ಜಿಲ್ಲಾಧಿಕಾರಿ. ಮರುವರ್ಷ, 2011ರ ಜುಲೈನಲ್ಲಿ, ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂದು ಅಂದಿನ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಒಂದೂ ಗುಂಡು ಹಾರದೆ ಸರ್ಕಾರದ ಮುಖ್ಯಸ್ಥರು ಇಳಿದರು. ನನ್ನ ಒಂಬತ್ತನೆಯ ತರಗತಿಯ ಹುಡುಗ ಆ ದಿನದ ಪತ್ರಿಕೆ ಓದಿರಬೇಕೆಂದು ನಂಬಿದ್ದೇನೆ. ಆದರೆ ತೆರೆದ ಬಾಗಿಲು ತೆರೆದೇ ಇರುತ್ತದೆಂಬ ಭರವಸೆಯಿಲ್ಲ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು ಸ್ಥಾಪಿಸಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಕಿತ್ತುಕೊಳ್ಳಲಾಯಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನು ರದ್ದುಪಡಿಸಿ ಅಧಿಕಾರವನ್ನು ಹಿಂದಿರುಗಿಸಿತು.

ನನ್ನ ಲೆಕ್ಕದಲ್ಲಿ ಈ ಸಾಲಿನ ಬಹು ಮುಖ್ಯ ಚಿತ್ರ ಮಂಸೋರೆ ಅವರ 'ಆಕ್ಟ್ 1978'. 2020ರ ನವೆಂಬರಿನಲ್ಲಿ, ಕೊರೋನಾದಿಂದ ಮುಚ್ಚಿದ್ದ ಚಿತ್ರಮಂದಿರಗಳು ತೆರೆದ ಹೊಸತರಲ್ಲಿ ಬಂದದ್ದು. ಯಜ್ಞಾ ಶೆಟ್ಟಿ ಅಭಿನಯಿಸಿದ ತುಂಬು ಗರ್ಭಿಣಿಯೊಬ್ಬಳು ತನಗೆ ಬರಬೇಕಾದ ಹಣಕ್ಕಾಗಿ ಅಲೆದು ಅಲೆದು, ಕಡೆಗೆ ಮೈಗೆ ಬಾಂಬು ಕಟ್ಟಿಕೊಂಡು ಸರ್ಕಾರಿ ಕಚೇರಿಗೆ ಬರುತ್ತಾಳೆ. ಐವತ್ತು ವರ್ಷಗಳ ಪಯಣ ಎಲ್ಲಿಗೆ ಬಂದು ನಿಂತಿತೆಂದು ನೋಡಿ. ಗಡಿಯಾಚೆಯ ಗೂಢಚಾರನಿಲ್ಲ, ಕನ್ವರ್‌ಲಾಲನಿಲ್ಲ, ದುಷ್ಟ ಸಂಪುಟವಿಲ್ಲ. ಮೇಜು, ಕಡತ, ಗುಮಾಸ್ತ, ಮತ್ತು ವಿಲೇವಾರಿಯಾಗದ ಒಂದು ಅರ್ಜಿ. ಅಧಿಕಾರದ ಅತ್ಯಂತ ಚಿಕ್ಕ ಕುರ್ಚಿಯೇ ಈಗ ಅತ್ಯಂತ ಭಯಾನಕವಾಗಿ ಕಾಣುತ್ತಿದೆ, ಏಕೆಂದರೆ ಬಡವರು ಸರ್ಕಾರವನ್ನು ಮುಖಾಮುಖಿ ಕಾಣುವುದು ಅಲ್ಲಿಯೇ.

ಇದನ್ನು ಓದುವ ನಿಮ್ಮಲ್ಲಿ ಹಲವರು ಇಂದು ಮೇಜಿನ ಒಳಬದಿಯಲ್ಲಿ ಕುಳಿತವರು. ಗ್ರಾಮ ಆಡಳಿತಾಧಿಕಾರಿಗಳು, ಪಂಚಾಯಿತಿಯ ಪಿಡಿಒಗಳು, ಪೇದೆಗಳು, ಎಂಜಿನಿಯರುಗಳು, ನನ್ನಂತೆಯೇ ಮೇಷ್ಟ್ರಾದವರು ಇದ್ದೀರಿ. 2011ರ ಸಕಾಲ ಕಾಯಿದೆ ಯಾವ ಸೇವೆ ಎಷ್ಟು ದಿನದಲ್ಲಿ ಸಿಗಬೇಕೆಂದು ನಿಗದಿಮಾಡಿದೆ. ಅರ್ಜಿ ಕೊಟ್ಟವರಿಗೆ ಸ್ವೀಕೃತಿಯ ಸಂಖ್ಯೆ ಕೊಡಬೇಕೆಂದಿದೆ. ಸರ್ವರ್ ಇಲ್ಲ, ಸಾಹೇಬರಿಲ್ಲ ಎಂದು ಹೇಳಬೇಕಾದ ದಿನಗಳು ನಿಮಗೂ ಬರುತ್ತವೆಂದು ಬಲ್ಲೆ. ಆಗ ಎದುರಿಗೆ ನಿಂತವರಿಗೆ ಯಾವ ದಿನ ಬರಬೇಕು, ಯಾರನ್ನು ಕಾಣಬೇಕು, ಆಗದಿದ್ದರೆ ಮೇಲ್ಮನವಿ ಎಲ್ಲಿ ಎಂಬ ಮೂರು ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಆ ಚೀಟಿ ಹಿಡಿದು ಮನೆಗೆ ಹೋಗುವ ತಂದೆಯನ್ನು ಒಂಬತ್ತನೆಯ ತರಗತಿಯ ಮಗನೊಬ್ಬ ನೋಡುತ್ತಿರುತ್ತಾನೆ. ಅವನ ಪೌರನೀತಿಯ ಪಾಠ ಅಲ್ಲಿಂದಲೇ ಶುರು.

ನಿಮ್ಮೂರಿನ ಟೆಂಟಿನಲ್ಲಿ ನೀವು ಯಾವ ದೃಶ್ಯಕ್ಕೆ ಚಪ್ಪಾಳೆ ತಟ್ಟಿದ್ದಿರಿ, ಏಕೆ ತಟ್ಟಿದ್ದಿರಿ ಎಂಬುದನ್ನು ಬಿಡುವಾದಾಗ ಬರೆದು ತಿಳಿಸಿ. ಎಲ್ಲರಿಗೂ ಒಳ್ಳೆಯದಾಗಲಿ.